ಎದ್ದರೆ ತಲೆನೋವು, ಮಲಗಿದರೆ ಆರಾಮ: ಡಾಕ್ಟರನ್ನು ಕೇಳಿ

ಅಡ್ಮಿನ್: ನಮ್ಮ ತುಮಕೂರಿನ ನರರೋಗ ತಜ್ಞೆ ಮೇಡಂ ಇವತ್ತು ಸಂಜೆ ಗುಂಪಿನಲ್ಲಿ ಇರುತ್ತಾರೆ. ವಿಷಯ: ಮಿದುಳು, ಬೆನ್ನುಹುರಿಯ ಸುತ್ತ ಇರುವ ನೀರು ಸೋರಿದಾಗ ಬರುವ ತಲೆನೋವು. ಫಾರ್ವರ್ಡ್ ಹಾಕಬೇಡಿ.

ಶಿರಾದವರು: ಮೇಡಂ, ನನ್ನ ತಂಗಿಗೆ ಸಿಸೇರಿಯನ್ ಆಗಿ ಮೂರನೇ ದಿನ. ಎದ್ದು ಕೂತು ಮಗುವಿಗೆ ಹಾಲು ಕೊಡಲು ಆಗುತ್ತಿಲ್ಲ, ತಲೆ ಸಿಡಿಯುತ್ತದೆ, ಕತ್ತು ಬಿಗಿಯುತ್ತದೆ ಅಂತಾಳೆ. ಮಲಗಿದರೆ ಸ್ವಲ್ಪ ಹೊತ್ತಿಗೇ ಕಡಿಮೆ. ಬೆನ್ನಿಗೆ ಕೊಟ್ಟ ಇಂಜೆಕ್ಷನ್‌ನಿಂದಾನಾ?

ಡಾಕ್ಟರ್: ಅದರಿಂದಲೇ ಇರಬಹುದು. ಸೂಜಿ ಹೋದ ಕಡೆ ಬೆನ್ನುಹುರಿಯ ಹೊದಿಕೆಯಲ್ಲಿ ಸಣ್ಣ ತೂತು ಉಳಿದು ನೀರು ಸೋರುತ್ತದೆ. ಎದ್ದು ಕೂತಾಗ ಮಿದುಳು ಕೆಳಕ್ಕೆ ಜಗ್ಗುತ್ತದೆ. 1898ರಲ್ಲಿ ಬೆನ್ನಿಗೆ ಕೊಡುವ ಈ ಅರಿವಳಿಕೆಯನ್ನು ತಮ್ಮ ಮೇಲೇ ಪ್ರಯೋಗಿಸಿಕೊಂಡ ಜರ್ಮನ್ ಸರ್ಜನ್ ಆಗಸ್ಟ್ ಬಿಯರ್ ಕೂಡ ಇದೇ ತಲೆನೋವು ಅನುಭವಿಸಿದ್ದರು. ಪೆನ್ಸಿಲ್ ಮೊನೆಯ ತೆಳು ಸೂಜಿ ಬಂದ ಮೇಲೆ ಕಡಿಮೆಯಾಗಿದೆ. ಹೆಚ್ಚಿನವರಿಗೆ ಒಂದೆರಡು ವಾರದಲ್ಲಿ ತಾನಾಗೇ ಹೋಗುತ್ತದೆ. ತಡೆಯಲು ಆಗದಿದ್ದರೆ ಬ್ಲಡ್ ಪ್ಯಾಚ್ ಇದೆ: ಅವಳದೇ ರಕ್ತವನ್ನು 15–20 ಮಿಲಿಯಷ್ಟು ತೆಗೆದು, ಬೆನ್ನಿನಲ್ಲಿ ಆ ಹೊದಿಕೆಯ ಹೊರಗೆ ಹಾಕುತ್ತಾರೆ. ಆದರೆ ಇವತ್ತೇ ಆಪರೇಷನ್ ಮಾಡಿದ ಡಾಕ್ಟರಿಗೆ ಹೇಳಿ, ಬಿಪಿ ನೋಡಿಸಿ. ಬಿಪಿ ಏರಿದ್ದರೆ, ಕಣ್ಣು ಮಂಜಾದರೆ, ಫಿಟ್ಸ್ ಅಥವಾ ಜ್ವರ ಬಂದರೆ ಅದು ಬೇರೆಯೇ ಕಾಯಿಲೆ ಇರಬಹುದು.

ಮಧುಗಿರಿಯವರು: ಬಾಣಂತಿಗೆ ನೀರು ಜಾಸ್ತಿ ಕೊಡಬೇಡಮ್ಮ, ಹೊಟ್ಟೆ ಬರುತ್ತೆ. ತಲೆಗೆ ಬಟ್ಟೆ ಬಿಗಿಯಾಗಿ ಕಟ್ಟು, ಸರಿಹೋಗುತ್ತೆ.

ಡಾಕ್ಟರ್: ನೀರು ಕೊಡಿ. ಕೇಳಿದಷ್ಟು ಕೊಡಿ.

ತಿಪಟೂರಿನವರು: *ಫಾರ್ವರ್ಡ್* ಎಳನೀರಿಗೆ ಏಲಕ್ಕಿ, ಕಲ್ಲುಸಕ್ಕರೆ ಹಾಕಿ 21 ದಿನ ಕುಡಿದರೆ ಮಿದುಳಿನ ನೀರು ಮತ್ತೆ ತುಂಬುತ್ತದೆ. ದಿನಾ ಬೆಳಗ್ಗೆ ಶೀರ್ಷಾಸನ ಮಾಡಿದರೆ ಇನ್ನೂ ಬೇಗ!! 🙏🙏

ಡಾಕ್ಟರ್: ಎಳನೀರು ಕುಡಿಯಿರಿ, ನಿಮ್ಮೂರಿನದೇ. ಆದರೆ ಅದು ಮಿದುಳಿಗೆ ಹೋಗಿ ಕೂರುವುದಿಲ್ಲ. ಮಿದುಳಿನ ಈ ನೀರು ತಲೆ, ಬೆನ್ನು ಎರಡೂ ಸೇರಿ ಯಾವುದೇ ಹೊತ್ತಿನಲ್ಲಿ ಇರುವುದು ಸುಮಾರು 150 ಮಿಲಿ. ದಿನಕ್ಕೆ ಅರ್ಧ ಲೀಟರಿನಷ್ಟು ಹೊಸದಾಗಿ ಮಿದುಳಿನೊಳಗೇ ತಯಾರಾಗುತ್ತದೆ. ತೊಂದರೆ ಇರುವುದು ತೂತಿನಲ್ಲಿ. ಶೀರ್ಷಾಸನ ಯಾರೂ ಮಾಡಬೇಡಿ.

ಗುಬ್ಬಿಯವರು: ಮೇಡಂ, ನಮ್ಮ ಯಜಮಾನ್ರಿಗೆ 46. ತೆಂಗಿನಕಾಯಿ ಮೂಟೆ ಎತ್ತುವಾಗ ಬೆನ್ನಲ್ಲಿ ಏನೋ ಕಿತ್ತ ಹಾಗಾಯ್ತಂತೆ. ಮಾರನೇ ದಿನದಿಂದ ತಲೆನೋವು, ಕಿವಿ ಗುಂಯ್ ಅನ್ನೋದು. ಮಲಗಿದರೆ ಹೋಗುತ್ತಿತ್ತು. ಮೈಗ್ರೇನ್ ಅಂತ ಮಾತ್ರೆ ಕೊಟ್ಟರು. ಎರಡು ತಿಂಗಳಾಯ್ತು. ಹೋದ ವಾರದಿಂದ ಮಲಗಿದರೂ ನೋವು, ಹಗಲೆಲ್ಲ ತೂಕಡಿಕೆ. ಇವತ್ತು ಅಂಗಿ ಗುಂಡಿ ಹಾಕಿಕೊಳ್ಳೋಕೆ ಬಲಗೈ ತಡವರಿಸ್ತಿತ್ತು. ಕೊನೆಗೆ ನಾನೇ ಹಾಕಿದೆ. ಸೋಮವಾರ ತೋರಿಸಿದರೆ ಸಾಕಾ?

ಡಾಕ್ಟರ್: ಸೋಮವಾರದ ತನಕ ಕಾಯಬೇಡಿ ಅಮ್ಮ. ಈಗಲೇ ಹೊರಡಿ. 108ಕ್ಕೆ ಫೋನ್ ಮಾಡಿ, ಇಲ್ಲವೇ ಕಾರು ತರಿಸಿ. ಬೈಕಿನಲ್ಲಿ ಬೇಡ. ಸಿಟಿ ಸ್ಕ್ಯಾನ್ ಮತ್ತು ನ್ಯೂರೋಸರ್ಜನ್ ಎರಡೂ ಇರುವ ಕಡೆಗೇ ಹೋಗಿ.

ಯಾಕೆ ಹೆದರಿಸುತ್ತಿದ್ದೇನೆ ಅಂದರೆ, ಮಲಗಿದಾಗ ಹೋಗುತ್ತಿದ್ದ ನೋವು ಈಗ ಹೋಗುತ್ತಿಲ್ಲ. ಈ ಬದಲಾವಣೆ ನನಗೆ ಇಷ್ಟವಾಗಲಿಲ್ಲ. ನೀರು ಕಡಿಮೆಯಾಗಿ ಮಿದುಳು ಜಗ್ಗಿದಾಗ ಅದರ ಮೇಲಿನ ಸಣ್ಣ ರಕ್ತನಾಳಗಳು ಎಳೆದಂತಾಗಿ ಹರಿಯಬಹುದು. ಹೊದಿಕೆಯ ಕೆಳಗೆ ರಕ್ತ ನಿಧಾನವಾಗಿ ತುಂಬಿಕೊಂಡು ಮಿದುಳನ್ನು ಒತ್ತುತ್ತದೆ. ತೂಕಡಿಕೆ, ಒಂದು ಕೈ ಮಾತ್ರ ತಡವರಿಸುವುದು ಅದಕ್ಕೆ ಹೊಂದುತ್ತದೆ. ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದರೂ ಹೀಗಾಗಬಹುದು. ಎರಡೂ ಕಾಯುವ ಕಾಯಿಲೆಗಳಲ್ಲ.

ಅಲ್ಲಿ ಈಗ ನನಗೆ ಹೇಳಿದ್ದನ್ನೇ ಹೇಳಿ. "ಮೊದಲು ಎದ್ದಾಗ ಮಾತ್ರ ಇತ್ತು" ಅನ್ನುವ ಮಾತು ಬಿಡಬೇಡಿ, ಅದೇ ಮುಖ್ಯ. ರಕ್ತ ಮಾತ್ರ ತೆಗೆದು ಸೋರಿಕೆ ಹಾಗೇ ಬಿಟ್ಟರೆ ಮತ್ತೆ ತುಂಬಿಕೊಳ್ಳಬಹುದು. ಆಮೇಲೆ ಕಾಂಟ್ರಾಸ್ಟ್ ಹಾಕಿದ ಮಿದುಳಿನ ಎಂಆರ್‌ಐ, ಬೆನ್ನಿನ ಎಂಆರ್‌ಐ ಬೇಕಾಗುತ್ತದೆ. ಡಿಸ್ಕ್ ಹತ್ತಿರದ ಚೂಪು ಮೂಳೆ ಹೊದಿಕೆಯನ್ನು ಹರಿದಿರಬಹುದು. ಕೆಲವರಲ್ಲಿ ನೀರು ನೇರ ರಕ್ತನಾಳಕ್ಕೇ ಹೋಗುತ್ತಿರುತ್ತದೆ. ಅಂಥದ್ದೊಂದು ದಾರಿ ಇದೆ ಅಂತ ವರದಿಯಾದದ್ದೇ 2014ರಲ್ಲಿ. ಸೋರಿಕೆ ಇದ್ದವರಲ್ಲಿ ಬೆನ್ನಿಗೆ ಸೂಜಿ ಹಾಕಿ ಆ ನೀರಿನ ಒತ್ತಡ ಅಳೆದರೆ 60 ಮಿ.ಮೀ.ಗಿಂತ (ನೀರಿನ ಎತ್ತರದ ಲೆಕ್ಕ) ಕಡಿಮೆ ಇರಬೇಕು ಅಂತ ಪುಸ್ತಕ ಹೇಳುತ್ತದೆ, ಆದರೆ ಎಷ್ಟೋ ಜನರಲ್ಲಿ ನಾರ್ಮಲ್ ಇರುತ್ತದೆ. ಇದೆಲ್ಲ ಆಮೇಲಿನ ಮಾತು. ಈಗ ಸಿಟಿ. ರಕ್ತ ತೆಳು ಮಾಡುವ ಮಾತ್ರೆ ತಗೋತಾರಾ?

ಕುಣಿಗಲ್‌ನವರು: ಮೇಡಂ ನನಗೂ ತಲೆನೋವು, ಮಲಗಿದರೆ ಕಡಿಮೆ. ಇದೇನಾ?

ಡಾಕ್ಟರ್: ಮೈಗ್ರೇನ್‌ಗೂ ಮಲಗಿದರೆ ಹಿತ. ಓಪಿಡಿಗೆ ಬನ್ನಿ.

ತಿಪಟೂರಿನವರು: ಎಲ್ಲದಕ್ಕೂ ಸ್ಕ್ಯಾನ್, ಸ್ಕ್ಯಾನ್. ನಮ್ಮ ತಾತನ ಕಾಲದಲ್ಲಿ ಯಾವ ಸ್ಕ್ಯಾನ್ ಇತ್ತು?

ಕುಣಿಗಲ್‌ನವರು: ಆ ಕಾಲದಲ್ಲಿ ಜನ ಯಾವುದರಿಂದ ಸತ್ತರು ಅಂತಾನೂ ಗೊತ್ತಾಗ್ತಿರಲಿಲ್ಲ ಅಣ್ಣ.

ತಿಪಟೂರಿನವರು: ಕಮಿಷನ್ ವಿಷಯ ಮಾತಾಡಿದರೆ ಎಲ್ಲರಿಗೂ ಕೋಪ.

ಪಾವಗಡದವರು: ಬೈಕಿನಿಂದ ಬಿದ್ದ ಮೇಲೆ ತಮ್ಮನಿಗೆ ಬಗ್ಗಿದರೆ ಒಂದೇ ಮೂಗಿನಿಂದ ತಿಳಿನೀರು ತೊಟ್ಟಿಕ್ಕುತ್ತೆ. ಬಾಯಿಗೆ ಉಪ್ಪುಪ್ಪು ಅಂತಾನೆ. ಶೀತ ಅಂತ ನಸ್ಯ ಹಾಕ್ತಿದ್ದೀವಿ.

ಡಾಕ್ಟರ್: ನಸ್ಯ ಇವತ್ತೇ ನಿಲ್ಲಿಸಿ. ಮೂಗು ಸೀಟಬಾರದು, ಹತ್ತಿ ತುರುಕಬಾರದು. ತಲೆಬುರುಡೆಯ ತಳ ಒಡೆದು ಮಿದುಳಿನ ನೀರು ಬರುತ್ತಿರಬಹುದು. ಆ ದಾರಿಯಲ್ಲೇ ಸೋಂಕು ಒಳಗೆ ಹೋಗಿ ಮೆನಿಂಜೈಟಿಸ್, ಅಂದರೆ ಮಿದುಳಿನ ಹೊದಿಕೆಯ ಉರಿಯೂತ, ಆಗಬಹುದು. ಮೂಗಿನಿಂದ ಬರುವ ಆ ನೀರಿನಲ್ಲಿ ಬೀಟಾ-2 ಟ್ರಾನ್ಸ್‌ಫೆರಿನ್ (ಮಿದುಳಿನ ನೀರನ್ನು ಗುರುತಿಸುವ ಪ್ರೋಟೀನ್) ಇದೆಯಾ ಅಂತ ಪರೀಕ್ಷೆ ಮಾಡುತ್ತಾರೆ. ಇಎನ್‌ಟಿಗೆ ನಾಳೆಯೇ ತೋರಿಸಿ. ಜ್ವರ ಬಂದರೆ ರಾತ್ರಿಯೇ.

ಕೊರಟಗೆರೆಯವರು: ಸ್ಪೈನಲ್ ಇಂಜೆಕ್ಷನ್ ತಗೊಂಡರೆ ಜೀವನಪೂರ್ತಿ ಬೆನ್ನುನೋವಾ?

ಡಾಕ್ಟರ್: ಇಲ್ಲ. ಗುಬ್ಬಿಯವರೇ, ಹೊರಟಿರಾ?

ಕೊರಟಗೆರೆಯವರು: ನಮ್ಮತ್ತೆಗೆ ಬಂದಿದೆಯಲ್ಲ ಮೇಡಂ?

ಮಧುಗಿರಿಯವರು: ನನಗೂ ಬಂದಿದೆ. ಮೂರು ಹೆರಿಗೆ ಆದ ಮೇಲೆ.

ಗುಬ್ಬಿಯವರು: ಭಾವನ ಕಾರಲ್ಲಿ ಹೊರಟಿದ್ದೀವಿ ಮೇಡಂ, ಮಲ್ಲಸಂದ್ರ ದಾಟಿದ್ವಿ. ರಕ್ತದ ಮಾತ್ರೆ ಯಾವುದೂ ಇಲ್ಲ. ಮಾತಾಡಿಸಿದರೆ ಕಣ್ಣು ಬಿಡ್ತಾರೆ. ತಿಪಟೂರಿನವರು ಹೇಳಿದ್ದಕ್ಕೆ ಎಳನೀರು ತಂದಿದ್ದೀನಿ, ಕುಡಿಸಲಾ?

ಡಾಕ್ಟರ್: ಬೇಡ! ಬಾಯಿಗೆ ಏನೂ ಹಾಕಬೇಡಿ. ಮಂಪರಿನಲ್ಲಿ ನುಂಗಿದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಆಪರೇಷನ್‌ಗೂ ಖಾಲಿ ಹೊಟ್ಟೆ ಬೇಕು. ತಿಪಟೂರಿನವರೇ, ನೋಡಿದಿರಾ ನಿಮ್ಮ ಫಾರ್ವರ್ಡ್ ಎಲ್ಲಿಗೆ ಹೋಯಿತು ಅಂತ?

ತಿಪಟೂರಿನವರು: ನಾನು ಬರೆದದ್ದಲ್ಲ. ಬಂದದ್ದನ್ನು ಕಳಿಸಿದೆ ಅಷ್ಟೇ.

ಕುಣಿಗಲ್‌ನವರು: ಅದೇ ಅಣ್ಣ ತಪ್ಪು.

ತಿಪಟೂರಿನವರು: ನೀವು ನನಗೆ ಹೇಳಿಕೊಡಬೇಡಿ.

ಅಡ್ಮಿನ್: ಇಬ್ಬರೂ ಸುಮ್ನಿರಿ. ಎಳನೀರಿನ ಮೆಸೇಜ್ ತೆಗೆದಿದ್ದೇನೆ. ಮೇಡಂ ಆಸ್ಪತ್ರೆಗೆ ಹೊರಟರು, ಇವತ್ತಿಗೆ ಇಷ್ಟೇ.

ಶಿರಾದವರು: ಬಿಪಿ ನೋಡಿಸಿದ್ವಿ, 150/100 ಇದೆ. ಮೇಡಂ?

ಅಡ್ಮಿನ್: ಅಕ್ಕ, ಇಲ್ಲಿ ಕಾಯಬೇಡಿ. ಮೇಡಂ ಮೇಲೆ ಬರೆದಿದ್ದಾರಲ್ಲ, ಆಪರೇಷನ್ ಆದ ಆಸ್ಪತ್ರೆಗೆ ಈಗಲೇ ಕರೆದುಕೊಂಡು ಹೋಗಿ.

ಕೊರಟಗೆರೆಯವರು: ಬ್ಲಡ್ ಪ್ಯಾಚ್‌ಗೆ ಎಷ್ಟಾಗುತ್ತೆ? ಯಾರಾದರೂ ಹೇಳಿ.