ಬಂಪರ್ ಪೇಂಟ್ ಮಾಡಿಸಿದ ಮೇಲೆ ರೇಡಾರ್ ತೊಂದರೆ: ಸೆನ್ಸರ್ ಬದಲಿಸಬೇಕಾ?

ಮಂಜುನಾಥ, ತುಮಕೂರು:
ನಮಸ್ಕಾರ ಸರ್. ಕಾರು ಎರಡು ವರ್ಷ ಹಳೆಯದು. ಕಳೆದ ತಿಂಗಳು ಒಂದು ಹಸು ಅಡ್ಡ ಬಂದು ಮುಂದಿನ ಬಂಪರ್ ತಾಗಿತು. ಹಸು ಆರಾಮಾಗಿ ಎದ್ದು ಹೋಯಿತು, ಬಂಪರ್ ಒಳಗೆ ಹೋಯಿತು. ಟಿಂಕರಿಂಗ್, ಪೇಂಟಿಂಗ್ ಎಲ್ಲ ಮಾಡಿಸಿದೆ. ಈಗ ಶಿರಾ ಕಡೆ ಹೈವೇಯಲ್ಲಿ ಅಡಾಪ್ಟಿವ್ ಕ್ರೂಸ್ (ಮುಂದಿನ ಗಾಡಿ ನೋಡಿ ಕಾರೇ ವೇಗ ಹೊಂದಿಸಿಕೊಳ್ಳುವ ವ್ಯವಸ್ಥೆ) ಹಾಕಿದರೆ, ಪಕ್ಕದ ಲೇನಿನ ಲಾರಿ ನೋಡಿ ಕಾರು ತಾನಾಗಿಯೇ ಬ್ರೇಕ್ ಹಾಕುತ್ತದೆ. ನನ್ನ ಮುಂದೆ ರಸ್ತೆ ಖಾಲಿ! ಗ್ಯಾರೇಜಿನವರು ಮುಂದಿನ ರೇಡಾರ್ ಸೆನ್ಸರ್ ಹೋಗಿದೆ, ಹೊಸದಕ್ಕೆ 60 ಸಾವಿರ ಅಂತಾರೆ. ಹಾಕಿಸಲಾ?

ರಘು (ಅಡಾಸ್, ಅಂದರೆ ಚಾಲಕನಿಗೆ ನೆರವಾಗುವ ರೇಡಾರ್, ಕ್ಯಾಮೆರಾ ವ್ಯವಸ್ಥೆಗಳ ಕ್ಯಾಲಿಬ್ರೇಶನ್ ಟೆಕ್ನೀಷಿಯನ್):
ಸ್ವಲ್ಪ ತಡೆಯಿರಿ ಮಂಜುನಾಥ್. ಸೆನ್ಸರ್ ಹೋಗಿದ್ದರೆ ಅದಕ್ಕೆ ಲಾರಿಯೇ ಕಾಣುತ್ತಿರಲಿಲ್ಲ. ನಿಮ್ಮದಕ್ಕೆ ಚೆನ್ನಾಗಿಯೇ ಕಾಣುತ್ತಿದೆ, ಯಾವ ಲೇನಿನಲ್ಲಿದೆ ಅನ್ನೋದು ಮಾತ್ರ ತಪ್ಪಾಗುತ್ತಿದೆ. ಕಣ್ಣು ಹೋಗಿಲ್ಲ, ಮೆಳ್ಳೆಗಣ್ಣಾಗಿದೆ ಅಷ್ಟೇ.

ಲೆಕ್ಕ ನೋಡಿ. ರೇಡಾರ್ 1 ಡಿಗ್ರಿ ವಾರೆಯಾದರೆ 100 ಮೀಟರ್ ದೂರದಲ್ಲಿ ಸುಮಾರು 1.75 ಮೀಟರ್ ತಪ್ಪಾಗುತ್ತದೆ. ಹೈವೇ ಲೇನಿನ ಅಗಲ 3.5 ಮೀಟರ್. ಅಂದರೆ ಅರ್ಧ ಲೇನ್ ಅತ್ತಿತ್ತ! ಸಣ್ಣಪುಟ್ಟ ವ್ಯತ್ಯಾಸವನ್ನು ಎಷ್ಟೋ ರೇಡಾರ್‌ಗಳು ಓಡುತ್ತಾ ಓಡುತ್ತಾ ತಾವೇ ಸರಿ ಮಾಡಿಕೊಳ್ಳುತ್ತವೆ. ಮಿತಿ ಮೀರಿದರೆ ಮೆಸೇಜ್ ಕೊಟ್ಟು ಆಫ್ ಆಗುತ್ತವೆ. ನಿಮ್ಮದು ಎರಡಕ್ಕೂ ನಡುವೆ ಸಿಕ್ಕಿಕೊಂಡ ಹಾಗಿದೆ.

ಎರಡು ವಿಷಯ ಹೇಳಿ. ರೇಡಾರ್ ಕೂರುವ ಬ್ರಾಕೆಟ್ ಬಗ್ಗಿತ್ತಾ? ಅದರ ಮುಂದಿನ ಪ್ಲಾಸ್ಟಿಕ್ ಮೇಲೆ ಪುಟ್ಟಿ ಹಾಕಿದ್ದಾರಾ? ಮತ್ತೆ, ಇದು ಸರಿಯಾಗುವವರೆಗೂ ಕ್ರೂಸ್ ಹಾಕಬೇಡಿ. ಹಿಂದಿನಿಂದ ಬಸ್ ಬರುತ್ತಿರುವಾಗ ಕಾರು ಸುಮ್ನೆ ಬ್ರೇಕ್ ಹಾಕಿದರೆ ಕಷ್ಟ.

ಮಂಜುನಾಥ:
ಕೇಳಿದೆ ಸರ್. ‘ಒಂದು ಕಬ್ಬಿಣದ ಪಟ್ಟಿ ಚೂರು ಬಗ್ಗಿತ್ತು, ಸುತ್ತಿಗೆಯಲ್ಲಿ ಎರಡೇಟು ಹಾಕಿ ಸರಿ ಮಾಡಿದೆ’ ಅಂದ ಟಿಂಕರ್. ಪುಟ್ಟಿ ಆ ಜಾಗದಲ್ಲಿ ಇಲ್ಲವಂತೆ.

ರಘು:
ಆ ಎರಡೇಟೇ ನಿಮ್ಮ ಕಾಯಿಲೆ ಅಂತ ನನ್ನ ಅನುಮಾನ. ಅದು ಬರೀ ಕಬ್ಬಿಣದ ಪಟ್ಟಿ ಅಲ್ಲ, ರೇಡಾರ್ ಎತ್ತ ನೋಡಬೇಕು ಅಂತ ಹೇಳುವುದೇ ಅದು. ಸುತ್ತಿಗೆಯಲ್ಲಿ ಅರ್ಧ ಡಿಗ್ರಿ ಸರಿ ಮಾಡಲು ಯಾರಿಂದಲೂ ಆಗಲ್ಲ. ಹೊಸ ಬ್ರಾಕೆಟ್ ಹಾಕಿಸಿ, ಆಮೇಲೆ ಕ್ಯಾಲಿಬ್ರೇಶನ್, ಅಂದರೆ ರೇಡಾರ್ ನೇರ ನೋಡುವ ಹಾಗೆ ಅಳತೆ ಹಿಡಿದು ಹೊಂದಿಸುವುದು.

ಪುಟ್ಟಿ ಯಾಕೆ ಕೇಳಿದೆ ಅಂದರೆ, ಈ ರೇಡಾರ್ ಕೆಲಸ ಮಾಡುವುದು 77 ಗಿಗಾಹರ್ಟ್ಸ್ ಸುಮಾರಿಗೆ. ಅಲೆಯ ಉದ್ದ 4 ಮಿಲಿಮೀಟರಿಗೂ ಒಂದು ಕೂದಲು ಕಡಿಮೆ. ಅದಕ್ಕೆ ಹೊಂದುವ ಹಾಗೇ ಆ ಜಾಗದ ಪ್ಲಾಸ್ಟಿಕ್ಕಿನ ದಪ್ಪ ಇಟ್ಟಿರುತ್ತಾರೆ. ಮೇಲೆ ಒಂದೆರಡು ಮಿಲಿಮೀಟರ್ ಪುಟ್ಟಿ, ಅದರ ಮೇಲೆ ಮೂರು ಕೋಟ್ ಮೆಟಾಲಿಕ್ ಪೇಂಟ್ ಬಿದ್ದರೆ ಅಲೆಯ ಒಂದು ಪಾಲು ಅಲ್ಲೇ ತಿರುಗಿ ಬರುತ್ತದೆ. ಮೆಟಾಲಿಕ್ ಪೇಂಟಿನಲ್ಲಿ ಹೊಳೆಯುವುದು ಅಲ್ಯೂಮಿನಿಯಂ ಚೂರು ತಾನೇ.

ಸುಧಾ, ಸಕಲೇಶಪುರ:
ರಘು ಸರ್, ನಮ್ಮದು ಬೇರೆ ಕಥೆ. ಶಿರಾಡಿ ಘಾಟಿಯಲ್ಲಿ ಜೋರು ಮಳೆ ಬಂದರೆ ‘ರೇಡಾರ್ ಮುಚ್ಚಿದೆ’ ಅಂತ ಬರುತ್ತೆ, ಊರು ತಲುಪುವಷ್ಟರಲ್ಲಿ ಹೋಗುತ್ತೆ. ತೋರಿಸಬೇಕಾ?

ರಘು:
ಬೇಡ ಮೇಡಂ. ನೀರಿನ ಪದರ ಈ ಅಲೆಯನ್ನು ಕುಡಿದುಬಿಡುತ್ತದೆ. ಲಾರಿ ಎರಚಿದ ಕೆಸರೂ ಹಾಗೇ. ನಿಲ್ಲಿಸಿದಾಗ ನೀರು ಹಾಕಿ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಸಾಕು. ವಾಷಿಂಗಿನವರು ಪ್ರೆಷರ್ ಗನ್ ಅನ್ನು ರೇಡಾರಿನ ಹತ್ತಿರ ಹಿಡಿಯದ ಹಾಗೆ ನೋಡಿಕೊಳ್ಳಿ. ಒಣ ದಿನದಲ್ಲಿ, ಒರೆಸಿದ ಮೇಲೂ ಮೆಸೇಜ್ ಬಂದರೆ ಆಗ ತೋರಿಸಿ. ಇನ್ನೊಂದು ತಮಾಷೆ ಇದೆ. ರಾತ್ರಿ ಬಯಲುಸೀಮೆಯ ಖಾಲಿ ರಸ್ತೆಯಲ್ಲೂ ಕೆಲವು ಕಾರು ಇದೇ ಮೆಸೇಜ್ ಕೊಡುತ್ತವೆ. ಎದುರಿಗೆ ಏನೂ ಇಲ್ಲದೆ ಅಲೆ ವಾಪಸ್ ಬರಲ್ಲ, ಪಾಪ ಅದು ಕಣ್ಣು ಮುಚ್ಚಿದೆ ಅಂದುಕೊಳ್ಳುತ್ತದೆ!

ಇರ್ಫಾನ್, ಹುಬ್ಬಳ್ಳಿ:
ಅಣ್ಣಾ, ನಮ್ಮ ಗಾಡಿ ಲೋಗೋ ಹಳೇದಾಗಿತ್ತು. ಅಂಗಡಿಯಿಂದ ಮಸ್ತ್ ಕ್ರೋಮ್ ಲೋಗೋ ತಂದು ಹಾಕೇನಿ. ಆವತ್ತಿಂದ ಕ್ರೂಸ್ ಬಂದ್.

ರಘು:
ಉತ್ತರ ನೀವೇ ಹೇಳಿಬಿಟ್ಟಿರಲ್ಲ! ರೇಡಾರ್ ಲೋಗೋ ಹಿಂದೆ ಇದ್ದರೆ, ಕಂಪನಿ ಲೋಗೋದ ಹೊಳಪು ನಿಜವಾದ ಕ್ರೋಮ್ ಆಗಿರಲ್ಲ. ಇಂಡಿಯಂನಂಥ ಲೋಹದ ತೀರಾ ತೆಳ್ಳನೆ ಲೇಪ ಇರುತ್ತದೆ, ಅಲೆ ಅದರೊಳಗೆ ಹಾದು ಹೋಗುತ್ತದೆ. ನಿಮ್ಮ ಮಸ್ತ್ ಲೋಗೋ ರೇಡಾರಿಗೆ ತಗಡಿನ ಬಾಗಿಲು. ಹಳೇದು ಇದ್ದರೆ ಇವತ್ತೇ ವಾಪಸ್ ಹಾಕಿ.

ಇರ್ಫಾನ್:
ಮನೆಯವಳು ಗುಜರಿಗೆ ಹಾಕ್ಯಾಳ.

ರಘು:
ಹಾಗಾದರೆ ಕಂಪನಿಯದೇ ಹೊಸದು ತರಿಸಿ. ಆಗಲೂ ಸರಿಹೋಗದಿದ್ದರೆ ಸ್ಕ್ಯಾನರ್ ಹಾಕಿಸಿ. ‘ಯು 0235’ ಅಂತ ಕೋಡ್ ಬಂದರೆ ರೇಡಾರ್ ಜೊತೆ ಮಾತುಕತೆ ನಿಂತಿದೆ ಅಂತ ಅರ್ಥ. ಮೊದಲು ಫ್ಯೂಸ್, ವೈರು, ಕನೆಕ್ಟರ್ ನೋಡಬೇಕು. ಸೆನ್ಸರ್ ಮೇಲೆ ಅನುಮಾನ ಪಡುವುದು ಕೊನೆಗೆ.

ಮಂಜುನಾಥ (ಒಂಬತ್ತು ದಿನದ ನಂತರ):
ಸರ್, ಸರಿಹೋಯಿತು! ಬ್ರಾಕೆಟಿಗೆ 2,100 ರೂಪಾಯಿ, ಕ್ಯಾಲಿಬ್ರೇಶನ್ನಿಗೆ ಬೇರೆ. ಸೆನ್ಸರ್ ಹಳೇದೇ. ಅವರು ಮಾಡಿದ್ದು ನೋಡಿ ಆಶ್ಚರ್ಯ ಆಯಿತು. ಮೊದಲು ಚಕ್ರದ ಗಾಳಿ ನೋಡಿದರು, ಡಿಕ್ಕಿಯಲ್ಲಿದ್ದ ಎರಡು ಅಕ್ಕಿ ಮೂಟೆ ಇಳಿಸಿದರು. ಆಮೇಲೆ ಗಾರೆ ಕೆಲಸದವರ ಹಾಗೆ ದಾರಕ್ಕೆ ಗುಂಡು ಕಟ್ಟಿ, ಮುಂದಿನ ಲೋಗೋದಿಂದ ಒಂದು, ಹಿಂದಿನ ಲೋಗೋದಿಂದ ಒಂದು ಇಳಿಬಿಟ್ಟು ನೆಲದ ಮೇಲೆ ಗೆರೆ ಹಾಕಿದರು. ಇಷ್ಟು ದೊಡ್ಡ ತಂತ್ರಜ್ಞಾನಕ್ಕೆ ದಾರ ಮತ್ತು ಗುಂಡು!

ರಘು:
ನಾವೂ ದಿನಾ ಅದನ್ನೇ ಮಾಡುವುದು. ಆ ಗೆರೆಯ ಅಳತೆ ಹಿಡಿದೇ ಎದುರಿಗೆ ಟಾರ್ಗೆಟ್ (ರೇಡಾರ್ ನೋಡಬೇಕಾದ ಗುರಿ) ನಿಲ್ಲಿಸುತ್ತೇವೆ. ಗೆರೆ ತಪ್ಪಿದರೆ ಎಲ್ಲ ತಪ್ಪು. ಮೂಟೆ ಇಳಿಸಿದ್ದೂ ಸರಿ. ಹಿಂದೆ ಭಾರ ಇದ್ದರೆ ಕಾರಿನ ಮೂತಿ ಮೇಲಾಗುತ್ತದೆ, ರೇಡಾರ್ ಆಕಾಶ ನೋಡುತ್ತದೆ. ವೀಲ್ ಅಲೈನ್‌ಮೆಂಟ್ ಆಗಿತ್ತಾ?

ಮಂಜುನಾಥ:
ಇಲ್ಲ ಸರ್, ಮುಂದಿನ ವಾರ ಮಾಡಿಸೋಣ ಅಂತಿದ್ದೆ.

ರಘು:
ಅಯ್ಯೋ, ಅದು ಮೊದಲು ಆಗಬೇಕಿತ್ತು. ಹಿಂದಿನ ಚಕ್ರಗಳ ದಿಕ್ಕು ಬದಲಾದರೆ ಕಾರು ನೇರ ಓಡುವ ಗೆರೆಯೇ ಬದಲಾಗುತ್ತದೆ. ಹೋದಾಗ ಬರೀ ಚೆಕ್ ಮಾಡಿಸಿ. ಹಿಂದಿನ ಚಕ್ರ ಮುಟ್ಟುವ ಅಗತ್ಯ ಬಿದ್ದರೆ ಕ್ಯಾಲಿಬ್ರೇಶನ್ನಿಗೆ ಮತ್ತೆ ದಾರ, ಗುಂಡು ಎರಡೂ ಹೊರಗೆ ತೆಗೆಸಬೇಕಾಗುತ್ತದೆ.