ಆಡಿಯೋಗ್ರಾಮ್ (ಕೇಳುವಿಕೆ ಪರೀಕ್ಷೆಯ ನಕ್ಷೆ) ನಾರ್ಮಲ್, ಗದ್ದಲದಲ್ಲಿ ಮಾತ್ರ ಮಾತು ಹಿಡಿತಕ್ಕೆ ಸಿಗುವುದಿಲ್ಲ. ಯಾಕೆ?

ಕೇಳುಗ:
250ರಿಂದ 8000 ಹರ್ಟ್ಸ್‌ವರೆಗೆ ಎರಡೂ ಕಿವಿ 20 ಡೆಸಿಬಲ್ ಒಳಗೇ ಇವೆ. ಶಾಂತ ಕೋಣೆಯಲ್ಲಿ ತೊಂದರೆಯೇ ಇಲ್ಲ. ನಾಲ್ಕೈದು ಜನ ಒಟ್ಟಿಗೆ ಮಾತಾಡುವ ಕಡೆ ಸದ್ದು ಕೇಳುತ್ತದೆ, ಪದ ಸಿಗುವುದಿಲ್ಲ. ಇದು ಕಿವಿಯದೋ ಮಿದುಳಿನದೋ? ಬೇರೆ ಪರೀಕ್ಷೆ ಇದೆಯೇ?

ಶಬ್ದಶೋಧ:
ಆಡಿಯೋಗ್ರಾಮ್ ಅಳೆಯುವುದು ನಿಶ್ಶಬ್ದದಲ್ಲಿ ಒಂದೊಂದೇ ಟೋನ್ ಎಷ್ಟು ಸಣ್ಣಗಿದ್ದರೂ ಕೇಳುತ್ತದೆ ಎಂಬುದನ್ನಷ್ಟೇ. ಗದ್ದಲದಲ್ಲಿ ಬೇಕಾದ್ದು ಬೆರೆತ ಸದ್ದುಗಳನ್ನು ಬಿಡಿಸುವ ಕೆಲಸ. ನೇರ ಪಕ್ಕದಿಂದ ಬಂದ ದನಿ ಹತ್ತಿರದ ಕಿವಿಗೆ ಸುಮಾರು 0.6–0.7 ಮಿಲಿಸೆಕೆಂಡ್ ಮೊದಲು ಮುಟ್ಟುತ್ತದೆ. ತಲೆ ಅಡ್ಡ ಬರುವುದರಿಂದ ಆಚೆ ಕಿವಿಗೆ ಹೆಚ್ಚಿನ ಆವರ್ತನದ ಸದ್ದು ಕುಗ್ಗಿ ತಲುಪುತ್ತದೆ. ಮಿದುಳುಕಾಂಡ ಈ ಎರಡು ವ್ಯತ್ಯಾಸಗಳನ್ನು ಹೋಲಿಸಿ ದಿಕ್ಕು ಹೇಳುತ್ತದೆ. ಅದರ ಮೇಲೆ ಮಿದುಳು, ಒಟ್ಟಿಗೆ ಶುರುವಾಗಿ ಒಂದೇ ಪಿಚ್‌ನಲ್ಲಿ ಏರಿಳಿಯುವ ಭಾಗಗಳನ್ನು ಒಬ್ಬರ ದನಿ ಎಂದು ಒಟ್ಟುಗೂಡಿಸುತ್ತದೆ. ಹಿನ್ನೆಲೆ ಮಾತು ಕ್ಷಣಕಾಲ ತಗ್ಗಿದಾಗ ಆ ಸಂದಿನಲ್ಲಿ ಕಂಡ ತುಣುಕುಗಳನ್ನು ಹೆಕ್ಕಿ, ಉಳಿದದ್ದನ್ನು ವಾಕ್ಯದ ಅರ್ಥದಿಂದ ತುಂಬಿಸಿಕೊಳ್ಳುತ್ತದೆ. ಜನ ಹೆಚ್ಚಾದಷ್ಟೂ ಸಂದುಗಳು ಮುಚ್ಚಿಹೋಗುತ್ತವೆ. ಫ್ಯಾನಿನ ಸದ್ದು ಮಾತನ್ನು ಬರೀ ಮುಚ್ಚುತ್ತದೆ. ಅರ್ಥವಾಗುವ ಇನ್ನೊಂದು ಮಾತಾದರೆ ಗಮನವನ್ನೂ ಕದಿಯುತ್ತದೆ.

ನರತಂತು:
ಕಿವಿಯನ್ನು ಅಷ್ಟು ಬೇಗ ಖುಲಾಸೆ ಮಾಡಬೇಡಿ. 2009ರಲ್ಲಿ ಇಲಿಗಳ ಮೇಲೆ ನಡೆದ ಅಧ್ಯಯನದಲ್ಲಿ, ಜೋರು ಸದ್ದಿನ ನಂತರ ಕೇಳುವ ಮಟ್ಟ ಪೂರ್ತಿ ಮೊದಲಿನಂತಾದರೂ ಒಳಗಿವಿಯಲ್ಲಿ ಸದ್ದು ಗ್ರಹಿಸುವ ಕೂದಲುಕೋಶಕ್ಕೂ ನರಕ್ಕೂ ಇರುವ ಸಿನಾಪ್ಸ್‌ಗಳು (ಸಂಕೇತ ದಾಟಿಸುವ ಕೊಂಡಿಗಳು) ಶಾಶ್ವತವಾಗಿ ನಾಶವಾಗಿದ್ದವು. ಆಡಿಯೋಗ್ರಾಮ್‌ಗೆ ಇಂಥದ್ದು ಕಾಣುವುದಿಲ್ಲ. ಆದರೆ ಮನುಷ್ಯರಲ್ಲಿ ಇದನ್ನು ಖಚಿತವಾಗಿ ಪತ್ತೆಹಚ್ಚುವ ಕ್ಲಿನಿಕಲ್ ಪರೀಕ್ಷೆ ಇನ್ನೂ ಇಲ್ಲ, ಹಾಗಾಗಿ ನಿಮ್ಮದು ಅದೇ ಎಂದು ಯಾರೂ ಹೇಳಲಾರರು.

ಕೇಳಬೇಕಾದ ಪರೀಕ್ಷೆ: ಗದ್ದಲದಲ್ಲಿ ಮಾತು ಗ್ರಹಿಸುವ ಪರೀಕ್ಷೆ. ಕ್ವಿಕ್‌ಸಿನ್ ಎಂಬ ಇಂಗ್ಲಿಷ್ ಪರೀಕ್ಷೆಯ ಒಂದು ಪಟ್ಟಿಯಲ್ಲಿ 6 ವಾಕ್ಯ, ಒಂದೊಂದರಲ್ಲಿ 5 ಮುಖ್ಯ ಪದ. ಮೊದಲ ವಾಕ್ಯದಲ್ಲಿ ಮಾತು ಗದ್ದಲಕ್ಕಿಂತ 25 ಡೆಸಿಬಲ್ ಮೇಲಿರುತ್ತದೆ, 5ರಂತೆ ಇಳಿದು ಕೊನೆಯದರಲ್ಲಿ ಸಮಸಮ. ಸರಿಯಾದ ಪದಗಳ ಸಂಖ್ಯೆಯನ್ನು 25.5ರಿಂದ ಕಳೆಯಬೇಕು, ಉತ್ತರ 3ರೊಳಗಿದ್ದರೆ ಸಾಮಾನ್ಯ, 7 ದಾಟಿದರೆ ಗಮನಿಸಲೇಬೇಕಾದ ನಷ್ಟ. ಮಾತೃಭಾಷೆಯಲ್ಲದ ಪಟ್ಟಿ ಬಳಸಿದರೆ ಅಂಕ ಕೆಡುತ್ತದೆ, ಕಿವಿಯ ತಪ್ಪಿಲ್ಲದೆ. 8000ದ ಆಚೆಗಿನ ಆವರ್ತನಗಳನ್ನೂ ಪರೀಕ್ಷಿಸಿಕೊಳ್ಳಿ.

ಕೇಳುಗ:
ಹಾಗಾದರೆ ದನಿ ಹೆಚ್ಚಿಸುವ ಸಾಧನ ಹಾಕಿಕೊಂಡರೆ?

ಶಬ್ದಶೋಧ:
ಬರೀ ವಾಲ್ಯೂಮ್ ಏರಿಸಿದರೆ ಗದ್ದಲವೂ ಅಷ್ಟೇ ಏರುತ್ತದೆ, ಮಾತಿಗೂ ಗದ್ದಲಕ್ಕೂ ಇರುವ ಅನುಪಾತ ಇದ್ದಲ್ಲೇ ಇರುತ್ತದೆ. ದೂರ ಅರ್ಧವಾದರೆ ತೆರೆದ ಜಾಗದಲ್ಲಿ ಮಾತು ಸುಮಾರು 6 ಡೆಸಿಬಲ್ ಏರುತ್ತದೆ. ಪ್ರತಿಧ್ವನಿಸುವ ಹಾಲ್‌ನಲ್ಲಿ ಅಷ್ಟು ಸಿಗದು, ಆದರೂ ಹತ್ತಿರ ಹೋಗುವಷ್ಟು ಅಗ್ಗದ ಉಪಾಯ ಮತ್ತೊಂದಿಲ್ಲ. ಗದ್ದಲ ಬೆನ್ನಿಗಿರಲಿ, ಮಾತಾಡುವವರ ಮುಖಕ್ಕೆ ಬೆಳಕು ಬೀಳಲಿ: ಪ, ತ, ಕ ಗದ್ದಲದಲ್ಲಿ ಒಂದರಂತೆ ಕೇಳಿದರೂ ಪಕಾರಕ್ಕೆ ತುಟಿ ಮುಚ್ಚುವುದು ಕಣ್ಣಿಗೆ ಕಾಣುತ್ತದೆ. ಒಂದೇ ಕಿವಿಗೆ ಇಯರ್‌ಬಡ್ ಸಿಕ್ಕಿಸಿಕೊಂಡಿದ್ದರೆ ತೆಗೆಯಿರಿ, ದಿಕ್ಕಿನ ಸುಳಿವು ಅಲ್ಲೇ ಕೆಡುತ್ತದೆ.

ನರತಂತು:
ಸಭೆ, ತರಗತಿಗಾದರೆ ಮಾತನ್ನು ನೇರ ನಿಮ್ಮ ಕಿವಿಯ ಸಾಧನಕ್ಕೆ ಕಳಿಸುವ ರಿಮೋಟ್ ಮೈಕ್ ಒಳ್ಳೆಯದು. ಮಾತಾಡುವವರ ಎದೆಯ ಮೇಲೆ, ಬಾಯಿಂದ ಒಂದು ಗೇಣಿನೊಳಗೆ ಕ್ಲಿಪ್ ಮಾಡಿ. ಮೇಜಿನ ನಡುವೆ ಇಟ್ಟರೆ ಅರ್ಧ ಪ್ರಯೋಜನ ಅಲ್ಲೇ ಹೋಯಿತು. ಕಿರುಚಲು ಹೇಳಬೇಡಿ; ಕಿರುಚಿದಾಗ ಸ್ವರ ಉಬ್ಬುತ್ತದೆ, ವ್ಯಂಜನ ಹಿಂದೆ ಬೀಳುತ್ತದೆ. ಸ್ವಲ್ಪ ನಿಧಾನವಾಗಿ ಹೇಳಿದರೆ ಸಾಕು.