ಓದುಗರ ಸ್ಪಂದನ: ಥರ್ಡ್ ಇಯರ್ ಹುಡುಗೀರು ಎಷ್ಟು ಜನ ಉಳಿದಿದಾರೆ, ಎಣಿಸಮ್ಮ

ಸಮಸ್ಯೆ: ನಂದು ಸೆಕೆಂಡ್ ಪಿಯುಸಿ ಮುಗೀತು, ಕಾಮರ್ಸ್, ಮಾರ್ಕ್ಸ್ ಪರವಾಗಿಲ್ಲ. 800 ಮೀಟರ್ ಓಡ್ತೀನಿ, ಸ್ಟೇಟ್ ಜೂನಿಯರ್ ಮೆಡಲ್ ಇದೆ, ಬೆಸ್ಟ್ ಟೈಮಿಂಗು 2 ನಿಮಿಷ 14 ಸೆಕೆಂಡು. ಬೆಂಗಳೂರಲ್ಲಿ ಎರಡು ಕಡೆ ಸ್ಪೋರ್ಟ್ಸ್ ಸೀಟು ಕೊಡ್ತೀವಿ ಅಂದಿದಾರೆ. ಒಂದು ಪ್ರೈವೇಟ್ ಯೂನಿವರ್ಸಿಟಿ, ಫೀಸು ಹಾಸ್ಟೆಲ್ಲು ಪೂರ್ತಿ ಫ್ರೀ, ಒಳಗೆ ಹೋದ್ರೆ ಗೋಡೆ ತುಂಬಾ ಟ್ರೋಫಿ, ಜಿಮ್ಮು ಎಲ್ಲಾ ತೋರಿಸಿದ್ರು. ಇನ್ನೊಂದು ಹಳೇ ಡಿಗ್ರಿ ಕಾಲೇಜು, ಅರ್ಧ ಫೀಸು ಕಟ್ಬೇಕು, ಸ್ವಂತ ಟ್ರಾಕಿಲ್ಲ, ಕಂಠೀರವ ಸ್ಟೇಡಿಯಂಗೆ ಹೋಗಿ ಓಡ್ತಾರೆ, ಆದ್ರೆ ಅಲ್ಲಿಯ ಕೋಚು ನಾನು ಓಡೋದು ನೋಡಿ ಅರ್ಧ ಗಂಟೆ ಕೂತು ಮಾತಾಡಿದ್ರು. ಅಪ್ಪ ಫ್ರೀ ಇರೋ ಕಡೆ ಹೋಗು ಅಂತಾರೆ. ಮಾವನ ಮಗ ಅಮೆರಿಕಕ್ಕೇ ಹೋಗು, ಒಬ್ರು ಏಜೆಂಟ್ ಗೊತ್ತು ಅಂತಾನೆ. ಹದಿನೈದು ದಿನದಲ್ಲಿ ಹೇಳ್ಬೇಕು. ಒಂದು ಯೂನಿವರ್ಸಿಟೀಲಿ ಸ್ಪೋರ್ಟ್ಸ್ ನಿಜವಾಗ್ಲೂ ಚೆನ್ನಾಗಿದೆಯಾ ಅಂತ ಹೊರಗಿಂದ ಬಂದೋರು ಹೇಗೆ ತಿಳ್ಕೊಳ್ಳೋದು?
— ಓದುಗಿ, ಹಾಸನ ಜಿಲ್ಲೆ

*

ತಂಗಿ, ನಾನೂ ನಿನ್ ವಯಸ್ಸಲ್ಲಿ ಟ್ರೋಫಿ ಗೋಡೆ ನೋಡಿನೇ ಸೇರಿದ್ದು, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ, ಪೂರ್ತಿ ಓದು. ನಂದು 400 ಮೀಟರ್. ಇದೇ ಬೆಂಗಳೂರಲ್ಲಿ ಒಂದು ಕಾಲೇಜು, ಹೆಸರು ಬೇಡ, ಎಲ್ಲಾ ಫ್ರೀ ಅಂದ್ರು, ಮನೇಲಿ ಹಬ್ಬ. ಫಸ್ಟ್ ಇಯರ್ ಚೆನ್ನಾಗೇ ಹೋಯ್ತು. ಸೆಕೆಂಡ್ ಇಯರ್ ಶುರುವಲ್ಲಿ ಮೊಣಕಾಲಿನ ಕೆಳಗಡೆ ಮೂಳೆ ನೋಯೋಕೆ ಶುರುವಾಯ್ತು, ಶಿನ್ ಪೇನ್ ಅಷ್ಟೇ ಅಂತ ಐಸ್ ಇಟ್ಟು ಕಟ್ಟಿ ಓಡಿಸಿದ್ರು, ನಾನೂ ಓಡ್ದೆ, ಎರಡು ತಿಂಗಳಾದ್ಮೇಲೆ ನಡೆಯೋಕೇ ಆಗದೆ ಎಂಆರ್‌ಐ ಮಾಡ್ಸಿದ್ರೆ ಸ್ಟ್ರೆಸ್ ಫ್ರಾಕ್ಚರ್, ಅಂದ್ರೆ ಓಡಿ ಓಡಿ ಮೂಳೇಲಿ ಸಣ್ಣ ಬಿರುಕು. ಎಂಆರ್‌ಐ ದುಡ್ಡು ಅಪ್ಪನೇ ಕೊಟ್ರು. ಆ ವರ್ಷ ಇಂಟರ್ ಯೂನಿವರ್ಸಿಟಿ ಮೀಟ್‌ಗೆ ಹೋಗ್ಲಿಲ್ಲ. ವರ್ಷದ ಕೊನೆಗೆ ಆಫೀಸಿಗೆ ಕರೆದು, ಪರ್ಫಾರ್ಮೆನ್ಸ್ ಇಲ್ಲ, ಮುಂದಿನ ವರ್ಷದಿಂದ ಫೀಸು ಕಟ್ಟಿ, ಹಾಸ್ಟೆಲ್ ರೂಮು ಹೊಸ ಹುಡುಗಿಗೆ ಬೇಕು ಅಂದ್ರು. ಸೇರುವಾಗ ಬಾಯಲ್ಲಿ ಹೇಳಿದ ಮಾತು ಬಿಟ್ರೆ ನಮ್ ಕೈಲಿ ಒಂದು ಚೀಟಿ ಇರ್ಲಿಲ್ಲ. ನನ್ನ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಅವರ ಹತ್ರ ಇತ್ತು, ಬಾಕಿ ಕಟ್ಟದೆ ಕೊಡಲ್ಲ ಅಂದ್ರು. ಹೀಗೆ ಒರಿಜಿನಲ್ ಇಟ್ಕೋಬಾರ್ದು ಅಂತ ಯುಜಿಸಿ 2018ರಲ್ಲೇ ಹೇಳಿದೆ, ಅದಕ್ಕೇ ನೀನು ತೋರಿಸಿ ವಾಪಸ್ ತಗೋ, ಜೆರಾಕ್ಸ್ ಕೊಡು ಸಾಕು.

ನಮ್ ಬ್ಯಾಚಲ್ಲಿ ಅಥ್ಲೆಟಿಕ್ಸ್‌ಗೆ ಅಂತ ಸೇರಿದ ಹುಡುಗೀರು 11 ಜನ. ಥರ್ಡ್ ಇಯರ್‌ಗೆ ಉಳಿದೋರು 3. ಹೋದ 8 ಜನರಲ್ಲಿ ಬೇರೆ ಕಡೆ ಓಡಿದೋಳು ಒಬ್ಬಳೇ, ಮಿಕ್ಕವರೆಲ್ಲ ಸ್ಪೈಕ್ಸ್ ಬಿಚ್ಚಿಟ್ಟವರು ಮತ್ತೆ ಹಾಕ್ಲಿಲ್ಲ. ಟ್ರೋಫಿ ಗೋಡೆ ಮೇಲೆ ಇದ್ಯಾವುದೂ ಕಾಣಲ್ಲ, ಯಾಕಂದ್ರೆ ಪ್ರತಿ ವರ್ಷ ಹೊಸ ಹುಡುಗೀರು ಮೆಡಲ್ ಜೊತೇಲೇ ಬರ್ತಾರೆ, ಗೆದ್ದು ಕೊಡ್ತಾರೆ, ಗೋಡೆ ತುಂಬ್ತಾನೇ ಇರುತ್ತೆ. ಅದಕ್ಕೆ ನಾನು ಯಾರು ಕೇಳಿದ್ರೂ ಒಂದೇ ಹೇಳೋದು, ಫಸ್ಟ್ ಇಯರ್ ಎಷ್ಟು ಜನ ಇದಾರೆ ಥರ್ಡ್ ಇಯರ್ ಎಷ್ಟು ಜನ ಇದಾರೆ ಎಣಿಸು, ಕಮ್ಮಿ ಇದ್ರೆ ಹೋದೋರ ಒಬ್ಬಳ ನಂಬರಾದ್ರೂ ಇಸ್ಕೊಂಡು ಫೋನ್ ಮಾಡು. ಆಮೇಲೆ ಉಳಿದೋರ ಫಸ್ಟ್ ಇಯರ್ ಟೈಮಿಂಗ್ ಎಷ್ಟಿತ್ತು ಈಗೆಷ್ಟು ಕೇಳು. 2.16 ಇದ್ದೋಳು 2.11ಕ್ಕೆ ಬಂದಿದ್ರೆ ಅಲ್ಲಿ ಕೋಚಿಂಗ್ ಇದೆ. 2.12ಕ್ಕೆ ಬಂದೋಳು 2.18 ಓಡ್ತಿದ್ರೆ ಎಷ್ಟು ದೊಡ್ಡ ಜಿಮ್ ಇದ್ದು ಏನು ಬಂತು?

ಅವರು ಕರೆದ ದಿನ ಹೋಗ್ಬೇಡ. ಯಾವ್ದಾದ್ರೂ ಮಂಗಳವಾರವೋ ಬುಧವಾರವೋ ಬೆಳಿಗ್ಗೆ ಐದೂವರೆಗೆ ಹೇಳ್ದೆ ಕೇಳ್ದೆ ಹೋಗಿ ಗ್ರೌಂಡ್ ಪಕ್ಕ ನಿಂತ್ಕೋ. ಕೋಚು ಎಷ್ಟೊತ್ತಿಗೆ ಬರ್ತಾರೆ, ಬಂದ್ಮೇಲೆ ವಾಚ್ ಹಿಡೀತಾರಾ ಫೋನ್ ಹಿಡೀತಾರಾ, 100 ಮೀಟರ್ ಹುಡುಗೀಗೂ 5000 ಮೀಟರ್ ಹುಡುಗೀಗೂ ಒಂದೇ ವರ್ಕೌಟ್ ಕೊಡ್ತಾರಾ ನೋಡು. ಎಲ್ಲಕ್ಕಿಂತ ಮುಖ್ಯ, ಗಾಯ ಆಗಿರೋ ಹುಡುಗಿ ಎಲ್ಲಿದಾಳೆ ಅಂತ ನೋಡು. ಗ್ರೌಂಡಿಗೆ ಬಂದು ಸೈಕಲ್ಲೋ ರಬ್ಬರ್ ಬ್ಯಾಂಡ್ ಎಕ್ಸರ್‌ಸೈಜೋ ಏನಾದ್ರೂ ಮಾಡ್ತಿದ್ರೆ, ಯಾರಾದ್ರೂ ಅವಳ ಹತ್ರ ಹೋಗಿ ಮಾತಾಡಿಸ್ತಿದ್ರೆ ಆ ಜಾಗ ಒಳ್ಳೇದು. ನಾನು ಮೂರು ತಿಂಗಳು ರೂಮಲ್ಲಿ ಒಬ್ಬಳೇ ಮಲಗಿದ್ದೆ, ಒಬ್ರೂ ಬಂದು ಕೇಳ್ಲಿಲ್ಲ.

ಫ್ರೀ ಅಂದಿದ್ದನ್ನ ಲೆಟರ್‌ಹೆಡ್ ಮೇಲೆ ಬರೆಸ್ಕೋ. ಎಷ್ಟು ವರ್ಷ, ಯಾವ ಯಾವ ಫೀಸು, ಎಕ್ಸಾಂ ಫೀಸು ಸೇರಿದೆಯಾ, ಗಾಯ ಆಗಿ ಒಂದು ಸೀಸನ್ ಓಡದಿದ್ರೆ ಏನು. ಈ ಕೊನೇ ಪ್ರಶ್ನೆ ಕೇಳಿದಾಗ ಅವರ ಮುಖ ನೋಡು.
— ಮಾಜಿ ಓಟಗಾರ್ತಿ, ವಿಜಯನಗರ

*

ನಾನು 31 ವರ್ಷ ಕಾಲೇಜಲ್ಲಿ ಪಿಡಿ, ಅಂದ್ರೆ ದೈಹಿಕ ಶಿಕ್ಷಣ ನಿರ್ದೇಶಕ ಆಗಿದ್ದವನು. ಮೇಲಿನ ಹುಡುಗಿ ಹೇಳಿದ್ದು ಪೂರ್ತಿ ನಿಜ, ಇಂಥದ್ದನ್ನ ಕಣ್ಣಾರೆ ಕಂಡಿದೀನಿ, ತಡೆಯೋಕೆ ಆಗಿದ್ದು ಕೆಲವು ಸಲ ಮಾತ್ರ. ನಾನು ಇನ್ನೆರಡು ವಿಷಯ ಹೇಳ್ತೀನಿ ಮಗಳೇ.

ಒಂದು, ಟ್ರೋಫಿ ಇದ್ರೆ ಯಾವ ಆಟದ್ದು ಅಂತ ಹತ್ರ ಹೋಗಿ ಓದು. ಖೇಲೋ ಇಂಡಿಯಾ ಯೂನಿವರ್ಸಿಟಿ ಗೇಮ್ಸ್ 2022ರಲ್ಲಿ ನಮ್ ಬೆಂಗಳೂರಲ್ಲೇ ನಡೀತಲ್ಲ, ಆವಾಗ ಜೈನ್ ಯೂನಿವರ್ಸಿಟಿ ಓವರಾಲ್ ಫಸ್ಟ್ ಬಂತು, ಹೆಮ್ಮೆ ಪಡೋ ಸಾಧನೆ ಅದು, ಆದ್ರೆ ಅದರಲ್ಲಿ ಈಜಿನ ಮೆಡಲ್‌ಗಳ ಪಾಲು ದೊಡ್ಡದು. ಈಜೋ ಮಗುವಿಗೆ ಅದು ಬಹಳ ದೊಡ್ಡ ಮಾತು, 800 ಮೀಟರ್ ಓಡೋಳಿಗೆ ಅದರಿಂದ ಏನೂ ಗೊತ್ತಾಗಲ್ಲ. ಬರೀ ಅಥ್ಲೆಟಿಕ್ಸ್ ನೋಡಿದ್ರೆ ನಮ್ ರಾಜ್ಯದಲ್ಲಿ ಮಂಗಳೂರು ಯೂನಿವರ್ಸಿಟಿ ಹೆಸರು ಮೊದ್ಲು ಬರುತ್ತೆ, ಅದೂ ಮೂಡುಬಿದಿರೆ ಆಳ್ವಾಸ್ ಕಾಲೇಜಿನ ಮಕ್ಕಳಿಂದ. ನೀನು ಹಾಸನದೋಳು, ಶಿರಾಡಿ ಘಾಟಿ ಇಳಿದ್ರೆ ಮೂಡುಬಿದಿರೆ, ಬೆಂಗಳೂರೇ ಯಾಕೆ ಅಂತ ಮನೇಲಿ ಒಂದು ಸಲ ಮಾತಾಡಿದೀರಾ? ಬೆಂಗಳೂರು ಬೇಡ ಅಂತ ಹೇಳ್ತಿಲ್ಲ, ಲೆಕ್ಕಕ್ಕೆ ತಗೊಳ್ಳಿ ಅಂತ.

ಎರಡು, ನೀನು ಯಾವ ಯೂನಿವರ್ಸಿಟಿ ಹೆಸರಲ್ಲಿ ಓಡ್ತೀಯ. ಇದನ್ನ ಯಾವ ಅಪ್ಪ ಅಮ್ಮನೂ ಕೇಳಲ್ಲ. ಪ್ರೈವೇಟ್ ಯೂನಿವರ್ಸಿಟಿ ಆದ್ರೆ ಅದು ತನ್ನದೇ ಟೀಮ್ ಕಳ್ಸುತ್ತೆ, ಒಳಗಿನ ಹುಡುಗೀರನ್ನ ಸೋಲಿಸಿದ್ರೆ ಆಯ್ತು, ನೀನು ಸೀದಾ ಇಂಟರ್ ಯೂನಿವರ್ಸಿಟೀಲಿ. ಹಳೇ ಡಿಗ್ರಿ ಕಾಲೇಜು ಅಂದ್ರೆ ಅದು ಬೇರೆ ಒಂದು ಯೂನಿವರ್ಸಿಟಿಗೆ ಸೇರಿರುತ್ತೆ, ಮೊದಲು ಇಂಟರ್ ಕಾಲೇಜಿಯೇಟಲ್ಲಿ ಗೆಲ್ಬೇಕು, ಆಮೇಲೆ ಸೆಲೆಕ್ಷನ್ನು. ಮುಂಚೆ ಬೆಂಗಳೂರು ಯೂನಿವರ್ಸಿಟಿ ಒಂದೇ ಇದ್ದಾಗ ಆ ಟೀಮಿಗೆ ಬರೋದೇ ಯುದ್ಧ, ಅದು ಮೂರು ಹೋಳಾದ್ಮೇಲೆ ಲೆಕ್ಕ ಬೇರೆ ಆಯ್ತು. ನಿನ್ ಕಾಲೇಜು ಯಾವುದರ ಕೆಳಗೆ ಬರುತ್ತೆ, ಅಲ್ಲಿ ಹೋದ ವರ್ಷ 800ರಲ್ಲಿ ಫಸ್ಟ್ ಬಂದೋಳ ಟೈಮಿಂಗ್ ಎಷ್ಟು, ಆ ರಿಸಲ್ಟ್ ಶೀಟು ಯಾವ ಪಿಡಿ ಹತ್ರ ಕೇಳಿದ್ರೂ ಸಿಗುತ್ತೆ.

ಇನ್ನು ಪೇಪರ್ ಕೆಲಸ. ಎಂಟ್ರಿ ಫಾರಂ, ಎಲಿಜಿಬಿಲಿಟಿ, ಸೀಲು ಸೈನು, ಇದನ್ನ ಯಾರು ಮಾಡ್ತಾರೆ ಕೇಳು. ಸಣ್ಣ ವಿಷಯ ಅನ್ನಿಸುತ್ತೆ. 2025ರ ಜುಲೈನಲ್ಲಿ ಜರ್ಮನಿಯಲ್ಲಿ ವರ್ಲ್ಡ್ ಯೂನಿವರ್ಸಿಟಿ ಗೇಮ್ಸ್‌ಗೆ ಹೋದ ನಮ್ಮ 12 ಜನ ಬ್ಯಾಡ್ಮಿಂಟನ್ ಮಕ್ಕಳಲ್ಲಿ 6 ಜನ ಆಡ್ಲೇ ಇಲ್ಲ, ಕಾರಣ ಹೆಸರು ಸರಿಯಾಗಿ ಕೊಡದೆ ಇದ್ದದ್ದು. ಅಷ್ಟು ದೂರ ಹೋಗಿ, ಜರ್ಸಿ ಹಾಕ್ಕೊಂಡು. ಅದನ್ನ ಓದಿ ನಂಗೆ ಎರಡು ದಿನ ಊಟ ಸೇರ್ಲಿಲ್ಲ. ಡಿಪಾರ್ಟ್‌ಮೆಂಟಲ್ಲಿ ಪರ್ಮನೆಂಟ್ ಪಿಡಿ ಇದಾರಾ, ಇಲ್ಲ ವರ್ಷ ವರ್ಷ ಬದಲಾಗೋ ಗೆಸ್ಟ್ ಅಪಾಯಿಂಟ್‌ಮೆಂಟಾ? ನಿನ್ ಜೊತೆ ಅರ್ಧ ಗಂಟೆ ಮಾತಾಡಿದ ಆ ಕೋಚು ಕಾಲೇಜಿನವರಾ ಅಥವಾ ಹೊರಗಿನವರಾ, ಮುಂದಿನ ವರ್ಷ ಇರ್ತಾರಾ, ಅದನ್ನ ಅವರನ್ನೇ ಕೇಳು, ಒಳ್ಳೆ ಕೋಚ್ ಆದ್ರೆ ಈ ಪ್ರಶ್ನೆಗೆ ಬೇಜಾರು ಮಾಡ್ಕೊಳ್ಳಲ್ಲ.

ಅಟೆಂಡೆನ್ಸ್ ಬಗ್ಗೆ ಪ್ರಿನ್ಸಿಪಾಲರ ಬಾಯಿಂದಲೇ ಕೇಳಿಸ್ಕೊ. ಇಂಟರ್ ಯೂನಿವರ್ಸಿಟಿ ಡಿಸೆಂಬರ್ ಜನವರಿ ಸುಮಾರಿಗೆ ಬರುತ್ತೆ, ಸೆಮಿಸ್ಟರ್ ಎಕ್ಸಾಮೂ ಆವಾಗ್ಲೇ.
— ನಿವೃತ್ತ ದೈಹಿಕ ಶಿಕ್ಷಣ ನಿರ್ದೇಶಕ, ರಾಜಾಜಿನಗರ

*

ಕಂಠೀರವಕ್ಕೆ ಹೋಗಿ ಓಡೋದು ಅಂದ್ರೆ ಏನು ಅಂತ ನಾನು ಹೇಳ್ತೀನಿ, ನನ್ನ ಮಗಳು ಎರಡು ವರ್ಷ ಕೆಂಗೇರಿಯಿಂದ ಹೋಗಿದಾಳೆ. ಟ್ರಾಕ್ ಸಿಂಥೆಟಿಕ್, ಅಲ್ಲಿ ಓಡೋ ಬೇರೆ ಬೇರೆ ಕ್ಲಬ್ ಮಕ್ಕಳನ್ನ ನೋಡಿನೇ ಕಲೀತಾರೆ, ಅದೆಲ್ಲ ಸರಿ. ಆದ್ರೆ ಹಾಸ್ಟೆಲ್ ಎಲ್ಲಿ? ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಹೊರಟು, ಪ್ರಾಕ್ಟೀಸ್ ಮುಗಿಸಿ ಕಬ್ಬನ್ ಪಾರ್ಕ್‌ನಲ್ಲಿ ಮೆಟ್ರೋ ಹತ್ತಿ ಕಾಲೇಜಿಗೆ ಬಂದು ಒಂಬತ್ತು ಗಂಟೆ ಕ್ಲಾಸಿಗೆ ಕೂರೋಷ್ಟರಲ್ಲಿ ಮಗು ನಿದ್ದೆ ಹೊಡೀತಿರುತ್ತೆ. ದೊಡ್ಡ ಮೀಟ್ ಇದ್ರೆ ಸ್ಟೇಡಿಯಂ ಒಳಗೆ ಬಿಡಲ್ಲ, ಆವಾಗ ಟಾರ್ ರೋಡ್ ಮೇಲೆ ಓಡಿಸಿದ್ರೆ ಕಾಲು ಹಾಳು. ಕಾಲೇಜಿಂದ ಸ್ಟೇಡಿಯಂಗೆ ಒಂದು ಸಲ ಆ ಹೊತ್ತಲ್ಲೇ ಹೋಗಿ ಬನ್ನಿ, ನಿಮ್ಮ ತಂದೇನೂ ಕರ್ಕೊಂಡು.
— ಒಬ್ಬ ತಂದೆ, ಕೆಂಗೇರಿ

*

ಅಮೆರಿಕ ವಿಷಯಕ್ಕೆ ಮಾತ್ರ ನಾನು ಬರೀತೀನಿ, ಅಲ್ಲಿ ಸ್ಪೋರ್ಟ್ಸ್ ಲೆಕ್ಕದಲ್ಲಿ ಕಾಲೇಜುಗಳನ್ನ ಮೂರು ಡಿವಿಷನ್ ಮಾಡಿದಾರೆ, ನಾನು ಡಿವಿಷನ್ ಟೂ ಕಾಲೇಜಲ್ಲಿ ನಾಲ್ಕು ವರ್ಷ ಓಡಿ ವಾಪಸ್ ಬಂದಿದೀನಿ. ಮೊದ್ಲು ಆ ಏಜೆಂಟ್ ಎಷ್ಟು ಕೇಳ್ತಿದಾನೆ, ಯಾವ ಲೆಕ್ಕದಲ್ಲಿ ಕೇಳ್ತಿದಾನೆ ತಿಳ್ಕೋ. ಸ್ಕಾಲರ್‌ಶಿಪ್ ಕೊಡಿಸಿದ್ರೆ ಅದರಲ್ಲಿ ಇಷ್ಟು ಪರ್ಸೆಂಟ್ ನಂಗೆ ಅಂದ್ರೆ ಅಲ್ಲೇ ಕೈ ಮುಗಿದು ಎದ್ದು ಬಾ. ಹಾಗೆ ಸ್ಕಾಲರ್‌ಶಿಪ್ ಮೇಲೆ ಕಮಿಷನ್ ಕೊಟ್ಟು ಸೇರೋದು ಅಲ್ಲಿ ಕಾಲೇಜು ಸ್ಪೋರ್ಟ್ಸ್ ನಡೆಸೋ ಎನ್‌ಸಿಎಎ ಸಂಸ್ಥೆಯ ರೂಲ್ಸ್‌ಗೆ ವಿರುದ್ಧ, ಏಜೆಂಟಿಗೆ ಏನೂ ಆಗಲ್ಲ, ಓಡೋ ಹಕ್ಕು ಕಳ್ಕೊಳ್ಳೋದು ನೀನು. ಅಲ್ಲಿನ ಕೋಚ್‌ಗಳಿಗೆ ನೀನೇ ಈಮೇಲ್ ಹಾಕ್ಬಹುದು, ಟೈಮಿಂಗು, ವಿಡಿಯೋ, ಮಾರ್ಕ್ಸು ಅಷ್ಟು ಸಾಕು, ಸುಮಾರು ಜನ ಉತ್ತರ ಕೊಡ್ತಾರೆ.

2.14 ಅಂದ್ರೆ ದೊಡ್ಡ ಡಿವಿಷನ್ ಒನ್ ಟೀಮ್‌ಗಳಿಗೆ ಸಾಲದು, ಬೇಜಾರಾಗ್ಬೇಡ, ಡಿವಿಷನ್ ಟೂನಲ್ಲಿ ಕೇಳೋರಿದಾರೆ. ಡಿವಿಷನ್ ತ್ರೀಲಿ ಸ್ಪೋರ್ಟ್ಸ್‌ಗೆ ಅಂತ ಸ್ಕಾಲರ್‌ಶಿಪ್ಪೇ ಇಲ್ಲ. ಟೂನಲ್ಲೂ ಪೂರ್ತಿ ಸಿಗೋದು ಅಪರೂಪ, ಕಾಲು ಭಾಗ ಅರ್ಧ ಭಾಗ ಅಂತ ಹಂಚ್ತಾರೆ, ಅದೂ ವರ್ಷ ವರ್ಷ ರಿನ್ಯೂ ಆಗೋ ಥರ ಇರುತ್ತೆ, ಮಿಕ್ಕಿದ್ದು ಡಾಲರಲ್ಲಿ ನಿಮ್ಮನೆಯಿಂದ ಹೋಗ್ಬೇಕು. ತೇಜಸ್ವಿನ್ ಶಂಕರ್ ಕ್ಯಾನ್ಸಸ್ ಸ್ಟೇಟ್‌ನಲ್ಲಿ ಓದ್ತಾ 2018ರಲ್ಲೂ 2022ರಲ್ಲೂ ಎನ್‌ಸಿಎಎ ಹೈಜಂಪ್ ಗೆದ್ದು, ಅದೇ 2022ರಲ್ಲಿ ಕಾಮನ್‌ವೆಲ್ತ್ ಕಂಚೂ ತಂದ್ರು, ಅವರನ್ನ ನೋಡಿ ನಾನೂ ಹೋಗಿದ್ದು. ಆದ್ರೆ ಅವರು ಹೋಗುವಾಗ್ಲೇ ನ್ಯಾಷನಲ್ ರೆಕಾರ್ಡ್ ಇಟ್ಕೊಂಡು ಹೋದೋರು.

ಇನ್ನೊಂದು, 800 ಓಡೋರನ್ನ ಅಲ್ಲಿ ಬರೀ 800ಕ್ಕೆ ಬಿಡಲ್ಲ, ಸೆಪ್ಟೆಂಬರಿಂದ ಕ್ರಾಸ್‌ಕಂಟ್ರಿ, ಅಂದ್ರೆ ಹುಲ್ಲು ಮಣ್ಣು ದಿಬ್ಬದ ಮೇಲೆ ದೂರದ ಓಟ, ಹುಡುಗೀರಿಗೆ 6 ಕಿಲೋಮೀಟರ್ ತನಕ, ಚಳಿಗಾಲ ಇಂಡೋರು, ಆಮೇಲೆ ಔಟ್‌ಡೋರು, ವರ್ಷ ಪೂರ್ತಿ. ನಂಗೆ ಅದು ಒಳ್ಳೇದಾಯ್ತು, ನನ್ನ ರೂಮ್‌ಮೇಟ್ ಮುರಿದು ಹೋದ್ಳು. ಅಲ್ಲಿ ಒಂದು ಬಹಳ ಒಳ್ಳೆ ವಿಷಯ ಅಂದ್ರೆ ಪ್ರತಿ ಕಾಲೇಜಿನ ಪ್ರತಿ ಹುಡುಗಿಯ ಪ್ರತಿ ರೇಸ್ ಟೈಮಿಂಗೂ ಟಿಎಫ್‌ಆರ್‌ಆರ್‌ಎಸ್ ಅನ್ನೋ ಸೈಟಲ್ಲಿ ಇರುತ್ತೆ, ವಿಜಯನಗರದ ಅಕ್ಕ ಹೇಳಿದ ಎಣಿಕೆ ಮನೇಲಿ ಕೂತೇ ಮಾಡ್ಬಹುದು. ಹದಿನೈದು ದಿನದಲ್ಲಿ ಅಮೆರಿಕ ತೀರ್ಮಾನ ಮಾತ್ರ ಮಾಡ್ಬೇಡ, ಎಲಿಜಿಬಿಲಿಟಿ, ವೀಸಾ ಎಲ್ಲಾ ಸೇರಿ ಒಂದು ವರ್ಷದ ಕೆಲಸ ಅದು.
— ಓದುಗಿ, ಜಯನಗರ

*

ಎಲ್ರೂ ಫ್ರೀ ಸೀಟನ್ನ ಅನುಮಾನದಿಂದಲೇ ನೋಡ್ತಿದೀರಿ, ನಂಗೆ ಸ್ವಲ್ಪ ನೋವಾಯ್ತು. ನಾನು ಪೀಣ್ಯದಲ್ಲಿ ಲೇತ್ ಆಪರೇಟರು. ನನ್ ಮಗಳು ಫ್ರೀ ಸೀಟಲ್ಲೇ ಬಿಕಾಂ ಮುಗಿಸಿದ್ಲು, ಲಾಂಗ್‌ಜಂಪು, ಸೆಕೆಂಡ್ ಇಯರ್‌ನಲ್ಲಿ ಪಾದ ತಿರುಚಿ ಆರು ತಿಂಗಳು ಆಡ್ಲಿಲ್ಲ, ಕಾಲೇಜಿನೋರು ಒಂದು ರೂಪಾಯಿ ಕೇಳ್ಲಿಲ್ಲ, ಫಿಸಿಯೋ ದುಡ್ಡೂ ಅವರೇ ಕೊಟ್ರು. ಅಂಥೋರೂ ಇದಾರೆ. ಅರ್ಧ ಫೀಸು ಅಂತ ಬಾಯಲ್ಲಿ ಹೇಳೋದು ಸುಲಭ, ಪಿಜಿ ಬಾಡಿಗೆ, ಊಟ, ಶೂಸು ಎಲ್ಲಾ ಸೇರಿ ನಮ್ಮಂಥೋರ ಮನೇಲಿ ಅದು ಸಾಲ ಅಂತಲೇ ಅರ್ಥ. ಸಾಲ ಇದೆ ಅಂತ ಗೊತ್ತಿದ್ರೆ ಮಗೂಗೆ ಓಡುವಾಗ ಕಾಲು ಭಾರ ಆಗುತ್ತಮ್ಮ. ನಿಮ್ಮಪ್ಪ ಹೇಳೋದನ್ನ ತಳ್ಳಿ ಹಾಕ್ಬೇಡ. ಮೇಷ್ಟ್ರು, ಆ ಅಕ್ಕ ಹೇಳಿದ ಪ್ರಶ್ನೆಗಳನ್ನೆಲ್ಲಾ ಫ್ರೀ ಕೊಡೋರ ಹತ್ರಾನೇ ಮೊದ್ಲು ಹೋಗಿ ಕೇಳು, ನೆಟ್ಟಗೆ ಉತ್ತರ ಕೊಟ್ಟು ಬರೆದೂ ಕೊಟ್ರೆ ಸೇರ್ಕೋ.
— ಓದುಗ, ಪೀಣ್ಯ ಎರಡನೇ ಹಂತ

*

ನಾನು ಫಿಸಿಯೋ. ಓಡೋ ಹುಡುಗೀರನ್ನ ದಿನಾ ನೋಡ್ತೀನಿ. ವಿಜಯನಗರದವರ ಸ್ಟ್ರೆಸ್ ಫ್ರಾಕ್ಚರ್ ಕಥೆ ಓದಿದಾಗ ನಂಗೆ ಮೊದ್ಲು ಬಂದ ಪ್ರಶ್ನೆ, ಆವಾಗ ಹಾಸ್ಟೆಲ್‌ನಲ್ಲಿ ಏನು ಊಟ ಮಾಡ್ತಿದ್ರು, ಪೀರಿಯಡ್ಸ್ ಸರಿಯಾಗಿ ಆಗ್ತಿತ್ತಾ ಅಂತ. ಓಡೋ ಅಷ್ಟಕ್ಕೆ ತಿನ್ನೋದು ಸಾಲದೇ ಹೋದ್ರೆ ಮೈ ಮೊದ್ಲು ಪೀರಿಯಡ್ಸ್ ನಿಲ್ಲಿಸುತ್ತೆ, ಆಮೇಲೆ ಮೂಳೆ ತೆಳ್ಳಗಾಗುತ್ತೆ. ಒಲಿಂಪಿಕ್ ಕಮಿಟಿಯೋರು 2014ರಲ್ಲಿ ಇದಕ್ಕೆ ರೆಡ್-ಎಸ್ ಅಂತ ಹೆಸರಿಟ್ರು. ಮೂರು ತಿಂಗಳು ನಿಂತಿದ್ರೆ ಒಳ್ಳೇದೇ ಆಯ್ತು ಪ್ರಾಕ್ಟೀಸ್‌ಗೆ ಅಡ್ಡಿ ಇಲ್ಲ ಅಂದ್ಕೊಳ್ಳೋ ಹುಡುಗೀರಿದಾರೆ, ಹಾಗೆ ಹೇಳೋ ಕೋಚ್‌ಗಳೂ ಇದಾರೆ. ದಯವಿಟ್ಟು ಆವಾಗ ಡಾಕ್ಟರ್ ಹತ್ರ ಹೋಗು. ಹಿಮೋಗ್ಲೋಬಿನ್ ಜೊತೆ ಫೆರಿಟಿನ್ನೂ ನೋಡಿಸು, ಹಿಮೋಗ್ಲೋಬಿನ್ ಸರಿ ಇದ್ದು ಒಳಗೆ ಕಬ್ಬಿಣದಂಶ ಖಾಲಿ ಆಗಿರೋ ಓಟಗಾರ್ತಿಯರು ಬೇಕಾದಷ್ಟು.

ಎರಡೂ ಕಡೆ ಹೋದಾಗ ಇದನ್ನ ಮಾತಾಡೋಕೆ ಒಬ್ರಾದ್ರೂ ಹೆಂಗಸರು ಸ್ಟಾಫಲ್ಲಿ ಇದಾರಾ ನೋಡು. ಆಮೇಲೆ ಮೆಸ್ ಟೈಮ್ ಕೇಳು. ಪ್ರಾಕ್ಟೀಸ್ ಮುಗಿಯೋದು ಎಂಟೂಮುಕ್ಕಾಲಿಗೆ, ಮೆಸ್ ಬಾಗಿಲು ಹಾಕೋದು ಎಂಟೂವರೆಗೆ ಅಂದ್ರೆ ಆ ಹುಡುಗೀರು ಮಧ್ಯಾಹ್ನದ ತನಕ ಎರಡು ಬಿಸ್ಕೆಟ್ ಮೇಲೆ ಇರ್ತಾರೆ ಅಂತ. ಮೊಟ್ಟೆ, ಕಾಳು, ಮೊಸರು ದಿನಾ ಇದೆಯಾ ವಾರಕ್ಕೊಂದು ಸಲವಾ, ರಾತ್ರಿ ಲೇಟಾಗಿ ಬಂದೋರಿಗೆ ಮುದ್ದೆ ಸಾರು ತೆಗೆದಿಡ್ತಾರಾ, ಇದನ್ನ ಆಫೀಸಲ್ಲಿ ಕೇಳ್ಬೇಡ, ಅಡುಗೆ ಮಾಡೋ ಅಮ್ಮನ್ನ ಕೇಳು.
— ಓದುಗಿ, ಮಲ್ಲೇಶ್ವರಂ